ರಕ್ತದಲ್ಲಿ ಬಂದದ್ದು ಶಾಪವಲ್ಲ

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಆರೋಗ್ಯ ಮಾಹಿತಿ ಸಭೆಯಲ್ಲಿ ನೀಡಿದ ಉಪನ್ಯಾಸ)



ನಮ್ಮ ಸಂಘಗಳಲ್ಲಿ ಉಳಿತಾಯ, ಸಾಲ, ಬಡ್ಡಿ, ಬ್ಯಾಂಕ್ ಲಿಂಕೇಜ್ ಇವೆಲ್ಲ ಪ್ರತಿ ವಾರ ಚರ್ಚೆ ಆಗುತ್ತವೆ. ಆದರೆ ಸಾಲ ಪಡೆಯುವವರನ್ನು ಕೇಳಿ ನೋಡಿ. ಎಷ್ಟೋ ಮನೆಗಳಲ್ಲಿ ಸಾಲದ ಹಣ ಹೋಗುವುದು ಹಸು ಕೊಳ್ಳಲಿಕ್ಕಲ್ಲ, ಆಸ್ಪತ್ರೆಗೆ. ಅದರಲ್ಲೂ ಹುಟ್ಟಿದಾಗಿನಿಂದಲೇ ಕಾಯಿಲೆ ಇರುವ ಮಗು ಮನೆಯಲ್ಲಿದ್ದರೆ ಆ ತಾಯಿಯ ಸಾಲ ಮುಗಿಯುವುದೇ ಇಲ್ಲ. ಸಾಲದ ಜೊತೆಗೆ ಇನ್ನೊಂದು ಹೊರೆಯನ್ನೂ ಆಕೆ ಹೊರಬೇಕು, ಅದು ಜನರ ಮಾತು. "ನಮ್ಮ ವಂಶದಲ್ಲಿ ಇಂಥದ್ದು ಇರಲಿಲ್ಲ, ಇವಳು ಬಂದ ಮೇಲೆ ಬಂತು" ಅಂತ ಅತ್ತೆ ಹೇಳ್ತಾರೆ. "ಗ್ರಹಣದ ದಿವಸ ಹೊರಗೆ ಬಂದಿದ್ದಳು" ಅಂತ ನೆರೆಯವರು ಹೇಳ್ತಾರೆ. "ಯಾವ ಜನ್ಮದ ಪಾಪವೋ" ಅಂತ ಆಕೆಯೇ ಒಳಗೊಳಗೆ ಅಂದುಕೊಳ್ತಾಳೆ.

ಆದ್ದರಿಂದ ಈ ಸಲ ವಂಶಪಾರಂಪರ್ಯವಾಗಿ ಬರುವ ಕಾಯಿಲೆಗಳ ವಿಷಯವನ್ನು ತೆಗೆದುಕೊಂಡಿದ್ದೇವೆ. ಅವು ಹೇಗೆ ಬರುತ್ತವೆ, ಯಾರಿಂದ ಬರುತ್ತವೆ, ನಾವು ಏನು ಮಾಡಬಹುದು, ಈ ಮೂರನ್ನು ತಿಳಿದುಕೊಳ್ಳೋಣ. ಇದರಲ್ಲಿ ಕಷ್ಟದ ಲೆಕ್ಕ ಏನೂ ಇಲ್ಲ. ಬಡ್ಡಿ ಲೆಕ್ಕ ಹಾಕುವ ನಮಗೆ ಇದು ಸುಲಭವೇ.

ಎರಡು ಪ್ರತಿಗಳ ಲೆಕ್ಕ

ನಮ್ಮ ದೇಹ ಕೋಟ್ಯಂತರ ಜೀವಕೋಶಗಳಿಂದ ಆಗಿದೆ. ಹೆಚ್ಚುಕಡಿಮೆ ಪ್ರತಿಯೊಂದು ಕೋಶದೊಳಗೂ 23 ಜೊತೆ, ಅಂದರೆ 46 ವರ್ಣತಂತುಗಳು ಇರುತ್ತವೆ. ಅವು ದಾರದ ಎಳೆಗಳ ಹಾಗೆ. ಆ ಎಳೆಯ ಉದ್ದಕ್ಕೂ ದೇಹ ಕಟ್ಟುವ ಸೂಚನೆಗಳು ಬರೆದಿರುತ್ತವೆ. ರಕ್ತ ಹೇಗಿರಬೇಕು, ಮೂಳೆ ಹೇಗೆ ಬೆಳೆಯಬೇಕು, ಗಾಯವಾದರೆ ರಕ್ತ ಹೇಗೆ ಹೆಪ್ಪುಗಟ್ಟಬೇಕು ಎಂಬುದೆಲ್ಲ ಅದರಲ್ಲಿದೆ. ಇಂಥ ಒಂದೊಂದು ಸೂಚನೆಗೆ ವಂಶವಾಹಿ ಅಥವಾ ಜೀನ್ ಎನ್ನುತ್ತಾರೆ.

ಮುಖ್ಯವಾದ ಮಾತು ಇದು: ಹೆಚ್ಚಿನ ಸೂಚನೆಗಳು ನಮ್ಮಲ್ಲಿ ಎರಡೆರಡು ಪ್ರತಿ ಇರುತ್ತವೆ. ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ ಬಂದದ್ದು. ಸಂಘದ ಲೆಕ್ಕದ ಪುಸ್ತಕ ಒಂದು, ಬ್ಯಾಂಕಿನ ಪಾಸ್‌ಬುಕ್ ಒಂದು ಇದ್ದ ಹಾಗೆ. ಒಂದು ಪುಸ್ತಕದಲ್ಲಿ ಅಕ್ಷರ ಅಳಿಸಿಹೋಗಿದ್ದರೂ ಇನ್ನೊಂದರಿಂದ ಲೆಕ್ಕ ನಡೆಯುತ್ತದೆ. ಎರಡರಲ್ಲೂ ಅದೇ ಜಾಗ ಅಳಿಸಿದ್ದರೆ ತೊಂದರೆ.

ಇದನ್ನು ಮೊದಲು ಲೆಕ್ಕ ಹಾಕಿ ತೋರಿಸಿದವರು ಒಬ್ಬ ಕಥೋಲಿಕ ಸನ್ಯಾಸಿ, ಗ್ರೆಗರ್ ಮೆಂಡೆಲ್. ಈಗಿನ ಜೆಕ್ ದೇಶದ ಬ್ರನೋ ಪಟ್ಟಣದ ಮಠದ ತೋಟದಲ್ಲಿ 1856ರಿಂದ ಎಂಟು ವರ್ಷ ಬಟಾಣಿ ಗಿಡಗಳನ್ನು ಬೆಳೆದು, ಕಾಳು ಎಣಿಸಿದರು. ನುಣುಪು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಕೂಡಿಸಿದಾಗ ಮೊದಲ ತಲೆಮಾರಿನಲ್ಲಿ ಎಲ್ಲವೂ ನುಣುಪು ಕಾಳೇ ಬಂದವು. ಸುಕ್ಕು ಮಾಯವಾಯಿತು ಅಂತ ಯಾರಾದರೂ ಅಂದುಕೊಳ್ಳಬೇಕು. ಆದರೆ ಅದರ ಮುಂದಿನ ತಲೆಮಾರಿನಲ್ಲಿ 5,474 ನುಣುಪು ಕಾಳು, 1,850 ಸುಕ್ಕು ಕಾಳು ಬಂದವು. ಹತ್ತಿರ ಹತ್ತಿರ ಮೂರಕ್ಕೆ ಒಂದು. ಸುಕ್ಕು ಎಲ್ಲೂ ಹೋಗಿರಲಿಲ್ಲ, ಒಳಗೆ ಅಡಗಿ ಕೂತಿತ್ತು. ಅವರು 1866ರಲ್ಲಿ ಇದನ್ನು ಅಚ್ಚು ಮಾಡಿಸಿದರು. ಯಾರೂ ಗಮನಿಸಲಿಲ್ಲ. ಅವರು ತೀರಿಕೊಂಡು 16 ವರ್ಷ ಆದ ಮೇಲೆ, 1900ರಲ್ಲಿ ಜಗತ್ತು ಒಪ್ಪಿಕೊಂಡಿತು.

"ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ, ಈ ಮಗುವಿಗೆ ಹೇಗೆ ಬಂತು?" ಎಂಬ ಪ್ರಶ್ನೆಗೆ ಆ ಬಟಾಣಿ ಕಾಳೇ ಉತ್ತರ.

ಮೊದಲನೆಯ ದಾರಿ: ಇಬ್ಬರಿಂದಲೂ ಬಂದಾಗ

ಸಿಕಲ್ ಸೆಲ್ ರಕ್ತಹೀನತೆ ಮತ್ತು ಥಲಸ್ಸೇಮಿಯಾ ಈ ದಾರಿಯಲ್ಲಿ ಬರುವ ಕಾಯಿಲೆಗಳು. ಎರಡೂ ಕೆಂಪು ರಕ್ತಕಣಕ್ಕೆ ಸಂಬಂಧಿಸಿದವು.

ನಮ್ಮ ಕೆಂಪು ರಕ್ತಕಣ ದುಂಡಗೆ, ಮೆತ್ತಗೆ ಇರುತ್ತದೆ. ಎಂಥ ಸಣ್ಣ ರಕ್ತನಾಳದಲ್ಲೂ ಬಳುಕಿ ಹೋಗುತ್ತದೆ. ಸಿಕಲ್ ಸೆಲ್ ಇರುವವರಲ್ಲಿ ಅದು ಕುಡುಗೋಲಿನ ಹಾಗೆ ಬಾಗಿ ಗಟ್ಟಿಯಾಗುತ್ತದೆ. ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಕೈಕಾಲು, ಬೆನ್ನು, ಎದೆ, ಹೊಟ್ಟೆಯಲ್ಲಿ ತಡೆಯಲಾಗದ ನೋವು ಬರುತ್ತದೆ. ಒಳ್ಳೆಯ ರಕ್ತಕಣ ಸುಮಾರು 120 ದಿನ ಬದುಕಿದರೆ ಇದು 10ರಿಂದ 20 ದಿನದಲ್ಲೇ ಒಡೆದು ಹೋಗುತ್ತದೆ. ಹಾಗಾಗಿ ರಕ್ತ ಯಾವಾಗಲೂ ಕಡಿಮೆ, ಕಣ್ಣು ಹಳದಿ, ಮೇಲಿಂದ ಮೇಲೆ ಜ್ವರ.

ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನಮ್ಮ ಪಕ್ಕದ ನೀಲಗಿರಿ ಬೆಟ್ಟದ ಆದಿವಾಸಿಗಳಲ್ಲಿ. ನಮ್ಮ ರಾಜ್ಯದಲ್ಲಿ ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಸಮುದಾಯಗಳಲ್ಲಿ, ಸೋಲಿಗರು, ಜೇನುಕುರುಬರು ಮೊದಲಾದವರಲ್ಲಿ ಇದು ಕಂಡುಬರುತ್ತದೆ. ಇದಕ್ಕೊಂದು ಕಾರಣವೂ ಇದೆ. ಈ ಜೀನಿನ ಒಂದೇ ಪ್ರತಿ ಇದ್ದವರಿಗೆ ಮಲೇರಿಯಾ ಅಷ್ಟು ಸುಲಭವಾಗಿ ಪ್ರಾಣಕ್ಕೆ ಬರುತ್ತಿರಲಿಲ್ಲ. ಕಾಡಿನ ಮಲೇರಿಯಾದ ನಡುವೆ ತಲೆತಲಾಂತರ ಬದುಕಿದವರಲ್ಲಿ ಆ ಜೀನು ಉಳಿದುಕೊಂಡಿತು. ಹಿರಿಯರನ್ನು ಕಾಪಾಡಿದ್ದೇ ಎರಡು ಪ್ರತಿಯಾಗಿ ಬಂದಾಗ ಮಗುವಿಗೆ ಕಷ್ಟವಾಯಿತು. ಇದರಲ್ಲಿ ಕುಲದ ದೋಷ ಏನೂ ಇಲ್ಲ.

ಥಲಸ್ಸೇಮಿಯಾ ಯಾವ ಜಾತಿ, ಯಾವ ಧರ್ಮದವರಲ್ಲೂ ಬರಬಹುದು. ನಮ್ಮ ದೇಶದಲ್ಲಿ ಸರಾಸರಿ 100 ಜನರಲ್ಲಿ 3ರಿಂದ 4 ಜನ ಇದರ ಒಂದು ಪ್ರತಿ ಹೊತ್ತವರು. ಎರಡು ಪ್ರತಿ ಬಂದ ಮಗು ಹುಟ್ಟುವಾಗ ಚೆನ್ನಾಗೇ ಇರುತ್ತದೆ. ಸುಮಾರು ಆರು ತಿಂಗಳಾದ ಮೇಲೆ ಬಿಳಿಚಿಕೊಳ್ಳುತ್ತದೆ, ಹಾಲು ಬಿಡುತ್ತದೆ, ಹೊಟ್ಟೆ ದಪ್ಪ ಆಗುತ್ತದೆ. ಆಮೇಲೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಲೇಬೇಕು.

ಈಗ ಇದು ಬರುವ ಲೆಕ್ಕ ನೋಡೋಣ. ಎರಡು ಲೋಟ ತೆಗೆದುಕೊಳ್ಳಿ. ಒಂದು ತಾಯಿ, ಒಂದು ತಂದೆ. ಎರಡರಲ್ಲೂ ಒಂದು ಬಿಳಿ ಅಲಸಂದೆ, ಒಂದು ಕೆಂಪು ಅಲಸಂದೆ ಕಾಳು ಹಾಕಿ. ಬಿಳಿ ಅಂದರೆ ಸರಿಯಾದ ಪ್ರತಿ, ಕೆಂಪು ಅಂದರೆ ಕೆಟ್ಟ ಪ್ರತಿ. ಇಬ್ಬರೂ ಆರೋಗ್ಯವಾಗಿಯೇ ಇದ್ದಾರೆ, ಯಾಕೆಂದರೆ ಇಬ್ಬರಲ್ಲೂ ಒಂದೊಂದು ಬಿಳಿ ಇದೆ. ಇಂಥವರಿಗೆ ವಾಹಕರು ಎನ್ನುತ್ತಾರೆ. ಈಗ ಕಣ್ಣು ಮುಚ್ಚಿ ಪ್ರತಿ ಲೋಟದಿಂದ ಒಂದೊಂದು ಕಾಳು ತೆಗೆಯಿರಿ. ಅದೇ ಮಗು. ನಾಲ್ಕು ರೀತಿ ಆಗಬಹುದು:

– ಬಿಳಿ, ಬಿಳಿ: ಮಗುವಿಗೆ ಏನೂ ಇಲ್ಲ.
– ತಾಯಿಯಿಂದ ಬಿಳಿ, ತಂದೆಯಿಂದ ಕೆಂಪು: ಮಗು ವಾಹಕ, ಆರೋಗ್ಯವಾಗಿರುತ್ತದೆ.
– ತಾಯಿಯಿಂದ ಕೆಂಪು, ತಂದೆಯಿಂದ ಬಿಳಿ: ಇದೂ ವಾಹಕ.
– ಕೆಂಪು, ಕೆಂಪು: ಮಗುವಿಗೆ ಕಾಯಿಲೆ.

ಅಂದರೆ ಕಾಯಿಲೆಯ ಸಂಭವ ನಾಲ್ಕರಲ್ಲಿ ಒಂದು, ಶೇಕಡಾ 25. ವಾಹಕವಾಗುವ ಸಂಭವ ಶೇಕಡಾ 50. ಏನೂ ಇಲ್ಲದಿರುವ ಸಂಭವ ಶೇಕಡಾ 25.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ಮಾತಿದೆ. "ಮೊದಲ ಮಗುವಿಗೆ ಬಂದಾಯಿತು, ಇನ್ನು ಮೂರು ಮಕ್ಕಳಿಗೆ ಬರೋದಿಲ್ಲ" ಅಂತ ಧೈರ್ಯ ಮಾಡ್ತಾರೆ. ಹಾಗಲ್ಲ. ಪ್ರತಿ ಬಸುರಿಗೂ ಕಾಳು ವಾಪಸ್ ಲೋಟಕ್ಕೆ ಹೋಗುತ್ತದೆ. ಪ್ರತಿ ಸಲವೂ ಹೊಸ ಲೆಕ್ಕ, ಪ್ರತಿ ಸಲವೂ ನಾಲ್ಕರಲ್ಲಿ ಒಂದು. ಮೂರು ಮಕ್ಕಳಿಗೂ ಬರದಿರಬಹುದು, ಮೂರಕ್ಕೂ ಬರಬಹುದು.

ಇನ್ನೊಂದು ಮಾತು. ಕೆಂಪು ಕಾಳು ಎರಡೂ ಲೋಟದಿಂದ ಬರಬೇಕು. ಒಂದೇ ಲೋಟದಿಂದ ಈ ಕಾಯಿಲೆ ಬರುವುದಿಲ್ಲ. ಹಾಗಿರುವಾಗ "ಇವಳಿಂದ ಬಂತು" ಅನ್ನುವ ಮಾತು ಲೆಕ್ಕಕ್ಕೇ ನಿಲ್ಲುವುದಿಲ್ಲ.

ಎರಡನೆಯ ದಾರಿ: ಒಬ್ಬರಿಂದಲೇ ಸಾಕಾದಾಗ

ಕೆಲವು ಕಾಯಿಲೆಗಳಲ್ಲಿ ಒಂದೇ ಕೆಟ್ಟ ಪ್ರತಿ ಇದ್ದರೂ ಸಾಕು, ಕಾಯಿಲೆ ಬರುತ್ತದೆ. ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರಿನಿಂದಲೇ ಕರೆಯುವ ಹಂದಿಗೋಡು ಕಾಯಿಲೆ.

1970ರ ದಶಕದ ಮಧ್ಯದಲ್ಲಿ ಇದು ಹೊರಗಿನವರ ಗಮನಕ್ಕೆ ಬಂತು. ಸೊಂಟದ ಕೀಲು, ಮೊಣಕಾಲಿನ ಕೀಲು ಸವೆದು ನೋವು, ನಡೆಯಲು ಆಗದ ಸ್ಥಿತಿ, ಕೆಲವರಲ್ಲಿ ಎತ್ತರವೂ ಕುಂಠಿತ. ಹೆಚ್ಚಾಗಿ ಬಡ ದಲಿತ ಕುಟುಂಬಗಳಲ್ಲಿ, ಗದ್ದೆ ಕೂಲಿಯವರಲ್ಲಿ ಕಂಡಿತು. ಗದ್ದೆಗೆ ಹೊಡೆದ ಕೀಟನಾಶಕ ಏಡಿ, ಮೀನಿನ ಮೂಲಕ ಹೊಟ್ಟೆ ಸೇರಿ ಹೀಗಾಗಿರಬೇಕು ಎಂದು ಮೊದಲು ಸಂಶಯಪಟ್ಟರು. ಆಮೇಲೆ ಕುಟುಂಬಗಳ ವಂಶವೃಕ್ಷ ಬರೆದು ನೋಡಿದಾಗ ಇದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ, ಗಂಡು ಹೆಣ್ಣು ಭೇದವಿಲ್ಲದೆ, ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತಿದೆ ಎಂದು ಗೊತ್ತಾಯಿತು.

ಇದರ ಲೆಕ್ಕ ಇನ್ನೂ ಸರಳ. ಒಂದು ಲೋಟದಲ್ಲಿ ಒಂದು ಬಿಳಿ ಒಂದು ಕೆಂಪು, ಇನ್ನೊಂದರಲ್ಲಿ ಎರಡೂ ಬಿಳಿ. ಪ್ರತಿ ಮಗುವಿಗೂ ಸಂಭವ ಎರಡರಲ್ಲಿ ಒಂದು. ಆ ಕೆಟ್ಟ ಪ್ರತಿ ಬಾರದ ಮಗುವಿನಿಂದ ಮುಂದಿನ ತಲೆಮಾರಿಗೆ ಅದು ಹೋಗುವುದಿಲ್ಲ. ಚಿಕ್ಕ ವಲಯದೊಳಗೇ ಕೊಟ್ಟು ತಂದು ಮಾಡುವ ಮದುವೆಗಳಿಂದ ಇಂಥ ಕಾಯಿಲೆ ಅದೇ ಮನೆಗಳ ಸುತ್ತ ಉಳಿದುಕೊಳ್ಳುತ್ತದೆ.

ಒಂದು ಊರಿನ ಹೆಸರೇ ಕಾಯಿಲೆಯ ಹೆಸರಾದರೆ ಆ ಊರಿನ ಹೆಣ್ಣುಮಕ್ಕಳ ಗತಿ ಏನು ಅಂತ ಯೋಚಿಸಿ. ಇದು ಅಂಟುರೋಗವಲ್ಲ. ಜೊತೆಗೆ ಕೂತರೆ, ಉಂಡರೆ, ನೀರು ಮುಟ್ಟಿದರೆ ಬರುವುದಿಲ್ಲ. ಈ ಮಾತನ್ನು ಎಲ್ಲ ವಂಶಪಾರಂಪರ್ಯ ಕಾಯಿಲೆಗಳಿಗೂ ಸೇರಿಸಿಯೇ ಹೇಳುತ್ತಿದ್ದೇವೆ.

ಮೂರನೆಯ ದಾರಿ: ತಾಯಿ ಹೊತ್ತು, ಮಗನಿಗೆ ಬಂದಾಗ

ಹಿಮೋಫೀಲಿಯಾದಲ್ಲಿ ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ಹೆಪ್ಪುಗಟ್ಟಿಸುವ ಎಂಟನೇ ಅಥವಾ ಒಂಬತ್ತನೇ ಫ್ಯಾಕ್ಟರ್ ಎಂಬ ಅಂಶ ರಕ್ತದಲ್ಲಿ ಕಡಿಮೆ ಇರುತ್ತದೆ. ಅಂಬೆಗಾಲಿಡುವ ಮಗುವಿನ ಮೊಣಕಾಲು ಕಾರಣವಿಲ್ಲದೆ ಊದಿಕೊಳ್ಳುವುದು, ಹಲ್ಲು ಬಿದ್ದಾಗ ದಿನಗಟ್ಟಲೆ ರಕ್ತ ಬರುವುದು ಇದರ ಲಕ್ಷಣ.

ಈ ಜೀನು ಇರುವುದು ಎಕ್ಸ್ ಎಂಬ ವರ್ಣತಂತುವಿನಲ್ಲಿ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದೇ ಎಕ್ಸ್, ಇನ್ನೊಂದು ವೈ. ಹೆಣ್ಣಿಗೆ ಒಂದು ಕೆಟ್ಟರೂ ಇನ್ನೊಂದು ಸಾಮಾನ್ಯವಾಗಿ ಕೆಲಸ ನಡೆಸುತ್ತದೆ. ಗಂಡಿಗೆ ಇರುವುದೇ ಒಂದು, ಅದು ಕೆಟ್ಟರೆ ಕಾಯಿಲೆ. ತಾಯಿ ವಾಹಕಳಾಗಿದ್ದರೆ ಪ್ರತಿ ಗಂಡುಮಗುವಿಗೆ ಕಾಯಿಲೆ ಬರುವ ಸಂಭವ ಶೇಕಡಾ 50, ಪ್ರತಿ ಹೆಣ್ಣುಮಗು ವಾಹಕಳಾಗುವ ಸಂಭವ ಶೇಕಡಾ 50. ತಂದೆಗೆ ಕಾಯಿಲೆ ಇದ್ದು ತಾಯಿಗೆ ಏನೂ ಇಲ್ಲದಿದ್ದರೆ ಗಂಡುಮಕ್ಕಳಿಗೆ ಬರುವುದಿಲ್ಲ, ಹೆಣ್ಣುಮಕ್ಕಳೆಲ್ಲ ವಾಹಕರಾಗುತ್ತಾರೆ.

ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ಇದರ ವಾಹಕಳಾಗಿದ್ದಳು. ಆಕೆಯ ಮಗ ಲಿಯೋಪೋಲ್ಡ್ ಈ ಕಾಯಿಲೆಯಿಂದ 1884ರಲ್ಲಿ ತೀರಿಕೊಂಡ. ಆಕೆಯ ಹೆಣ್ಣುಮಕ್ಕಳ ಮೂಲಕ ಇದು ರಷ್ಯಾದ ಅರಮನೆಯವರೆಗೂ ಹೋಯಿತು. ಅರಮನೆಯನ್ನೇ ಬಿಡದ ಕಾಯಿಲೆಗೆ ಬಡವರ ಮನೆ ಸೊಸೆಯನ್ನು ಬೈದು ಏನು ಪ್ರಯೋಜನ?

ಸುಮಾರು ಮೂರರಲ್ಲಿ ಒಂದು ಹಿಮೋಫೀಲಿಯಾ ವಂಶದಲ್ಲಿ ಇಲ್ಲದೆಯೂ ಹೊಸದಾಗಿ ಬರುತ್ತದೆ ಎಂಬುದನ್ನೂ ನೆನಪಿಡಿ. ಈ ಮಕ್ಕಳಿಗೆ ಆಸ್ಪಿರಿನ್ ಮಾತ್ರೆ ಕೊಡಬಾರದು. ಯಾವ ಚುಚ್ಚುಮದ್ದಿಗೂ ಮುಂಚೆ ಡಾಕ್ಟರಿಗೆ ಕಾಯಿಲೆಯ ವಿಷಯ ಹೇಳಬೇಕು. ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫೀಲಿಯಾ ಸೊಸೈಟಿ ಇಂಥ ಮಕ್ಕಳಿಗಾಗಿಯೇ ಕೆಲಸ ಮಾಡುತ್ತಿದೆ.

ಎಲ್ಲವೂ ವಂಶದಿಂದಲೇ ಅಲ್ಲ

ಹುಟ್ಟಿನಿಂದ ಬಂದದ್ದೆಲ್ಲ ವಂಶದಿಂದ ಬಂದದ್ದಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 21ನೇ ವರ್ಣತಂತು ಎರಡರ ಬದಲು ಮೂರು ಇರುತ್ತದೆ. ಇದನ್ನು 1959ರಲ್ಲಿ ಪ್ರಕಟಿಸಿದವರಲ್ಲಿ ಪ್ರಮುಖರು ಫ್ರಾನ್ಸಿನ ಡಾಕ್ಟರ್ ಜೆರೋಮ್ ಲೆಜೂನ್. ಜೀವನವಿಡೀ ಆ ಮಕ್ಕಳ ಪರ ನಿಂತ ಇವರನ್ನು ಧರ್ಮಸಭೆ 2021ರಲ್ಲಿ ಪೂಜ್ಯರೆಂದು ಸಾರಿತು. ಬಹುಪಾಲು ಇದು ಒಂದು ಆಕಸ್ಮಿಕ, ಯಾರ ವಂಶದ್ದೂ ಅಲ್ಲ. ತಾಯಿಯ ವಯಸ್ಸು ಹೆಚ್ಚಾದಂತೆ ಸಂಭವ ಹೆಚ್ಚು: 35ನೇ ವಯಸ್ಸಿಗೆ ಸುಮಾರು 350ರಲ್ಲಿ ಒಂದು, 40ಕ್ಕೆ ಸುಮಾರು 100ರಲ್ಲಿ ಒಂದು.

ಬೆನ್ನುಹುರಿ ಸರಿಯಾಗಿ ಮುಚ್ಚದೆ ಹುಟ್ಟುವ ಮಕ್ಕಳ ವಿಷಯದಲ್ಲಿ ಫೋಲಿಕ್ ಆಸಿಡ್ ಕೊರತೆಯೂ ಕಾರಣ. ಬಸುರಿ ಆಗುವ ಮುಂಚಿನಿಂದಲೇ, ಮೊದಲ ಮೂರು ತಿಂಗಳೂ ಫೋಲಿಕ್ ಆಸಿಡ್ ಮಾತ್ರೆ ತೆಗೆದುಕೊಂಡರೆ ಇವುಗಳಲ್ಲಿ ಬಹಳಷ್ಟನ್ನು ತಪ್ಪಿಸಬಹುದು. ಮದುವೆಯಾದ ಹೊಸ ಹೆಣ್ಣುಮಕ್ಕಳಿಗೆ ಇದನ್ನು ತಪ್ಪದೆ ಹೇಳಿ.

ಸೋದರ ಸಂಬಂಧದ ಮದುವೆ

ಈಗ ನಮ್ಮ ಮನೆಯೊಳಗಿನ ಮಾತಿಗೆ ಬರೋಣ. ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು, ಅತ್ತೆ ಮಗ, ಮಾವನ ಮಗಳು ಮದುವೆಯಾಗುವುದು ಹಿಂದಿನಿಂದ ಬಂದ ಪದ್ಧತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರವೂ ಕರ್ನಾಟಕದಲ್ಲಿ ಸುಮಾರು ಕಾಲು ಭಾಗದಷ್ಟು ಮದುವೆಗಳು ರಕ್ತಸಂಬಂಧದೊಳಗೇ ಆದವು. "ಗೊತ್ತಿರೋ ಮನೆ, ಆಸ್ತಿ ಹೊರಗೆ ಹೋಗಲ್ಲ, ಮಗಳು ಕಣ್ಣಮುಂದೆ ಇರ್ತಾಳೆ" ಅನ್ನುವುದು ಹಿರಿಯರ ಲೆಕ್ಕ. ಆ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿದೆ.

ಒಬ್ಬ ಅಜ್ಜಿಯ ಬಳಿ ಯಾವುದೋ ಒಂದು ಅಪರೂಪದ ಕೆಂಪು ಕಾಳು ಇದೆ ಅಂದುಕೊಳ್ಳಿ. ಅಜ್ಜಿ ಆರೋಗ್ಯವಾಗಿದ್ದಾರೆ, ಅವರಿಗೆ ಗೊತ್ತೇ ಇಲ್ಲ. ಆ ಕಾಳು ಮಗನಿಗೆ ಇಳಿದಿರುವ ಸಂಭವ ಎರಡರಲ್ಲಿ ಒಂದು. ಮಗಳಿಗೂ ಎರಡರಲ್ಲಿ ಒಂದು, ಮಗಳ ಮಗಳಿಗೆ ನಾಲ್ಕರಲ್ಲಿ ಒಂದು. ಈಗ ಆ ಮಗನಿಗೂ ಮೊಮ್ಮಗಳಿಗೂ ಮದುವೆಯಾದರೆ ಇಬ್ಬರಲ್ಲೂ ಅದೇ ಕಾಳು ಇರುವ ಸಂಭವ ಎಂಟರಲ್ಲಿ ಒಂದು. ಅವರ ಮಗುವಿಗೆ ಕೆಂಪು, ಕೆಂಪು ಬರುವ ಸಂಭವ 32ರಲ್ಲಿ ಒಂದು. ಅತ್ತೆ ಮಗ, ಮಾವನ ಮಗಳು ಆದರೆ 64ರಲ್ಲಿ ಒಂದು. ಅದೇ ಮೊಮ್ಮಗಳನ್ನು, ನೂರರಲ್ಲಿ ಒಬ್ಬರಲ್ಲಿ ಮಾತ್ರ ಆ ಕಾಳು ಇರುವ ಬೇರೆ ಮನೆಗೆ ಕೊಟ್ಟರೆ 1,600ರಲ್ಲಿ ಒಂದು. ವ್ಯತ್ಯಾಸ ನೀವೇ ನೋಡಿ.

ಹೆದರಿಸಲು ಇದನ್ನು ಹೇಳುತ್ತಿಲ್ಲ. ಸಂಬಂಧದಲ್ಲಿ ಮದುವೆಯಾದ ಹೆಚ್ಚಿನವರ ಮಕ್ಕಳು ಆರೋಗ್ಯವಾಗಿಯೇ ಇದ್ದಾರೆ. ಸಾಮಾನ್ಯವಾಗಿ ಯಾವ ದಂಪತಿಗೂ 100ರಲ್ಲಿ 2–3 ಮಕ್ಕಳಿಗೆ ಹುಟ್ಟಿನ ತೊಂದರೆ ಬರಬಹುದು. ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಅದು ಸರಿಸುಮಾರು ಎರಡರಷ್ಟಾಗುತ್ತದೆ. ಸೋದರಮಾವನ ಮದುವೆಯಲ್ಲಿ ರಕ್ತ ಇನ್ನೂ ಹತ್ತಿರ, ಸಂಭವವೂ ಹೆಚ್ಚು. ಈಗಾಗಲೇ ಮದುವೆಯಾದವರನ್ನು ನೋಯಿಸುವುದು ಬೇಡ. ಇನ್ನು ಆಗಬೇಕಾದ ಮದುವೆಗಳ ಬಗ್ಗೆ ಯೋಚಿಸಿ. ನಮ್ಮ ಧರ್ಮಸಭೆಯ ಕಾನೂನಿನಲ್ಲಿಯೂ ಒಡಹುಟ್ಟಿದವರ ಮಕ್ಕಳ ನಡುವೆ ಮದುವೆಗೆ ತಡೆ ಇದೆ, ವಿಶೇಷ ವಿನಾಯಿತಿ ಇಲ್ಲದೆ ನಡೆಯುವುದಿಲ್ಲ.

ದೂರುವುದರಿಂದ ಏನಾಗುತ್ತದೆ

ಯೊವಾನ್ನರ ಶುಭಸಂದೇಶದ ಒಂಬತ್ತನೇ ಅಧ್ಯಾಯದಲ್ಲಿ ಹುಟ್ಟುಕುರುಡನ ಪ್ರಸಂಗ ಇದೆ. ಇದು ಯಾರ ಪಾಪದ ಫಲ, ಇವನದೋ ಇವನ ತಂದೆತಾಯಿಯದೋ ಎಂದು ಶಿಷ್ಯರು ಕೇಳಿದಾಗ, ಇಬ್ಬರದೂ ಅಲ್ಲ ಎಂಬ ಅರ್ಥದಲ್ಲಿ ಯೇಸುಸ್ವಾಮಿ ಉತ್ತರಿಸುತ್ತಾರೆ. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದ ಅಕ್ಕತಂಗಿಯರು ಇದ್ದೀರಿ. ಯಾರ ದೇವರೂ ಮಗುವಿನ ರಕ್ತದಲ್ಲಿ ಸೇಡು ತೀರಿಸಿಕೊಳ್ಳುವುದಿಲ್ಲ.

ದೂರು ಹೊರಿಸಿದರೆ ನಷ್ಟ ಮಗುವಿಗೆ. ಹರಕೆ, ತಾಯತ, ಶಾಂತಿ ಅಂತ ತಿಂಗಳುಗಳು ಕಳೆಯುತ್ತವೆ. ನಾಚಿಕೆಯಿಂದ ಮಗುವನ್ನು ಮುಚ್ಚಿಡುತ್ತಾರೆ. ತಾಯಿ ತವರಿಗೆ ಹೋಗುತ್ತಾಳೆ, ಗಂಡ ಇನ್ನೊಂದು ಮದುವೆ ಆಗುತ್ತಾನೆ. ಆತನೂ ವಾಹಕನಾದ್ದರಿಂದ ಅಪಾಯ ಆತನ ಜೊತೆಗೇ ಹೋಗುತ್ತದೆ. ಇದನ್ನು ಅತ್ತೆಯರಿಗೂ ಗಂಡಸರಿಗೂ ತಿಳಿಸಿ ಹೇಳುವ ಕೆಲಸ ಸಂಘದ್ದು.

ನಾವು ಮಾಡಬಹುದಾದ್ದು

1. ಮೂರು ತಲೆಮಾರಿನ ವಂಶವೃಕ್ಷ ಬರೆಯಿರಿ. ತವರಿನ ಕಡೆ, ಗಂಡನ ಕಡೆ ಎರಡೂ. ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳು, ಪದೇ ಪದೇ ರಕ್ತ ಹಾಕಿಸಿಕೊಂಡವರು, ನಡೆಯಲಾಗದವರು, ಹುಟ್ಟಿನಿಂದ ಕಿವಿ ಕೇಳದವರು ಇದ್ದರೆ ಗುರುತು ಹಾಕಿ. ಅಜ್ಜಿಯಂದಿರು ಇರುವಾಗಲೇ ಕೇಳಿ. ಡಾಕ್ಟರಿಗೆ ಇದರಷ್ಟು ಉಪಯೋಗದ ಕಾಗದ ಇನ್ನೊಂದಿಲ್ಲ.

2. ಮದುವೆಗೆ ಮುಂಚೆ ರಕ್ತ ಪರೀಕ್ಷೆ. ಜಾತಕದ ಜೊತೆಗೆ ಇದನ್ನೂ ನೋಡಿ. ಗಂಡು ಹೆಣ್ಣು ಇಬ್ಬರೂ ಮಾಡಿಸಬೇಕು, ಹೆಣ್ಣಿಗೆ ಮಾತ್ರ ಅಲ್ಲ. ಒಬ್ಬರು ಮಾತ್ರ ವಾಹಕರಾಗಿದ್ದರೆ ಮಕ್ಕಳಿಗೆ ಈ ರಕ್ತದ ಕಾಯಿಲೆ ಬರುವುದಿಲ್ಲ, ಮದುವೆ ಧಾರಾಳವಾಗಿ ಆಗಬಹುದು. ಸಿಕಲ್ ಸೆಲ್ ಮತ್ತು ಥಲಸ್ಸೇಮಿಯಾ ಎರಡನ್ನೂ ನೋಡಿಸಿ, ಒಬ್ಬರಿಂದ ಒಂದು, ಇನ್ನೊಬ್ಬರಿಂದ ಇನ್ನೊಂದು ಸೇರಿದರೂ ಮಗುವಿಗೆ ಕಷ್ಟ. ಗರ್ಭ ನಿಂತ ಮೇಲೆ ಗೊತ್ತಾಗಿ ಮನೆಯವರೆಲ್ಲ ಸಂಕಟಕ್ಕೆ ಬೀಳುವುದಕ್ಕಿಂತ ಮುಂಚೆಯೇ ತಿಳಿಯುವುದು ಲೇಸು. ಹೊಟ್ಟೆಯಲ್ಲಿರುವ ಮಗುವೂ ನಮ್ಮದೇ ಮಗು.

3. ಐರನ್ ಮಾತ್ರೆ ಸರಿಯಾಗಿ ತೆಗೆದುಕೊಂಡರೂ ರಕ್ತ ಏರದಿದ್ದರೆ ಥಲಸ್ಸೇಮಿಯಾ ವಾಹಕರೇ ಎಂದು ಪರೀಕ್ಷೆ ಮಾಡಿಸಲು ಡಾಕ್ಟರನ್ನು ಕೇಳಿ. ನೀವಾಗಿಯೇ ಮಾತ್ರೆ ಬಿಡಬೇಡಿ.

4. ಸರ್ಕಾರದ ಸೌಲಭ್ಯ ಕೇಳಿ ಪಡೆಯಿರಿ. 2023ರ ಜುಲೈ 1ರಂದು ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾಯಿತು. ಆದಿವಾಸಿ ಪ್ರದೇಶಗಳಲ್ಲಿ 40 ವರ್ಷದವರೆಗಿನ 7 ಕೋಟಿ ಜನರ ಪರೀಕ್ಷೆ ಇದರ ಗುರಿ. ಕರ್ನಾಟಕವೂ ಇದರಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಸಿಕಲ್ ಸೆಲ್, ಥಲಸ್ಸೇಮಿಯಾ, ಹಿಮೋಫೀಲಿಯಾ ಮೂರೂ ಸೇರಿವೆ. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಥಲಸ್ಸೇಮಿಯಾ ಮಕ್ಕಳ ಅಸ್ಥಿಮಜ್ಜೆ ಕಸಿಗೆ ಕೋಲ್ ಇಂಡಿಯಾ ಕಂಪನಿಯ ಹಣದಿಂದ 2017ರಲ್ಲಿ ಆರಂಭವಾದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ 10 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಅಪರೂಪದ ಕಾಯಿಲೆಗಳಿಗಾಗಿ 2021ರ ರಾಷ್ಟ್ರೀಯ ನೀತಿ ಇದೆ.

5. ಕಾಯಿಲೆ ಇರುವ ಮಗುವನ್ನು ಬದುಕಿಸಬಹುದು. ಸಿಕಲ್ ಸೆಲ್ ಇರುವವರಿಗೆ ಹೈಡ್ರಾಕ್ಸಿಯೂರಿಯಾ ಮಾತ್ರೆ ನೋವಿನ ಸರದಿಗಳನ್ನು ಕಡಿಮೆ ಮಾಡುತ್ತದೆ, ಇದನ್ನು ಡಾಕ್ಟರ್ ಹೇಳಿದ ಪ್ರಮಾಣದಲ್ಲೇ ಕೊಡಬೇಕು. ನೀರು ಹೆಚ್ಚು ಕುಡಿಸಿ, ಚಳಿಗೆ ಬಿಡಬೇಡಿ, ಲಸಿಕೆ ತಪ್ಪಿಸಬೇಡಿ. ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ. ಥಲಸ್ಸೇಮಿಯಾ ಮಗುವಿಗೆ ರಕ್ತ ಹಾಕಿಸಿದಷ್ಟೇ ಮುಖ್ಯ, ದೇಹದಲ್ಲಿ ಸೇರುವ ಹೆಚ್ಚಿನ ಕಬ್ಬಿಣ ತೆಗೆಯುವ ಔಷಧಿ.

ಗುಟ್ಟು ಕಾಯುವುದು

ಕೊನೆಯದಾಗಿ ಒಂದು ಎಚ್ಚರಿಕೆ. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಅದು ಬಾವಿಕಟ್ಟೆಯ ಮಾತಾಗಬಾರದು. "ಅವಳ ಮಗಳು ವಾಹಕಳಂತೆ" ಅನ್ನುವ ಒಂದು ಮಾತಿಗೆ ಆ ಹುಡುಗಿಯ ಮದುವೆ ನಿಲ್ಲಬಹುದು. ಹಾಗೆ ಒಂದು ಮನೆಯಲ್ಲಿ ಆದರೆ, ನಾಳೆ ಇಡೀ ಊರಿನಲ್ಲಿ ಯಾರೂ ಪರೀಕ್ಷೆಗೆ ಬರುವುದಿಲ್ಲ. ವಾಹಕಳೆಂದರೆ ರೋಗಿ ಅಲ್ಲ. ದುಡಿಯುತ್ತಾಳೆ, ಹೆರುತ್ತಾಳೆ, ಬಾಳುತ್ತಾಳೆ. ಸಂಗಾತಿಯನ್ನು ತಿಳಿದು ಆರಿಸಿಕೊಳ್ಳಬೇಕು, ಅಷ್ಟೇ. ಸಾಲ ಯಾರದು ಎಷ್ಟು ಎಂಬ ಲೆಕ್ಕವನ್ನು ನಾವು ಸಂಘದ ಒಳಗೇ ಇಟ್ಟುಕೊಳ್ಳುವ ಹಾಗೆ ಇದನ್ನೂ ಇಟ್ಟುಕೊಳ್ಳಬೇಕು.

ಮುಂದಿನ ಸಭೆಗೆ ಪ್ರತಿಯೊಬ್ಬರೂ ತಮ್ಮ ಮನೆಯ ವಂಶವೃಕ್ಷ ಬರೆದುಕೊಂಡು ಬನ್ನಿ. ಓದು ಬಾರದವರಿಗೆ ಮಕ್ಕಳು ಬರೆದುಕೊಡಲಿ. ತೋರಿಸಲೇಬೇಕು ಅಂತ ಇಲ್ಲ, ಸಂಶಯ ಇದ್ದವರು ಆರೋಗ್ಯ ಕಾರ್ಯಕರ್ತೆಯ ಹತ್ತಿರ ಒಬ್ಬರೇ ಮಾತಾಡಬಹುದು. ಪರೀಕ್ಷೆ ಬೇಕಾದವರ ಜೊತೆ ಆಸ್ಪತ್ರೆಗೆ ಹೋಗಿಬರಲು ಪ್ರತಿ ಸಂಘದಿಂದ ಒಬ್ಬರು ಹೆಸರು ಕೊಡಿ. ಆ ದಿನದ ಕೂಲಿ ತಪ್ಪುವವರ ಬಸ್ ಖರ್ಚನ್ನು ಸಂಘದ ಆರೋಗ್ಯ ನಿಧಿಯಿಂದ ಕೊಡಬಹುದೇ ಎಂದು ನೀವೇ ಚರ್ಚಿಸಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ.